ಹಳ್ಳಿಯ ಪ್ರಶ್ನೆ, ವಿಜ್ಞಾನದ ಉತ್ತರ

ಹಿರಿಯೂರಿನ ಸಮೀಪದಲ್ಲಿ ವೇದಾವತೀ ನದಿಗೆ ಅಡ್ಡಲಾಗಿ ಕಟ್ಟಿರುವ ವಾಣೀವಿಲಾಸ ಸಾಗರವನ್ನು ನಮ್ಮ ಸೀಮೆಯ ಜನ ಇಂದಿಗೂ ಮಾರಿಕಣಿವೆ ಎಂದು ಕರೆಯುವುದುಂಟು. 1897ರಲ್ಲಿ ಇದರ ಕೆಲಸಕ್ಕೆ ಕೈಹಚ್ಚಿದರು. 1907ರ ವೇಳೆಗೆ ಕಟ್ಟೆ ಮುಗಿಯಿತು. 1933ರಲ್ಲಿ ಈ ಜಲಾಶಯ ತುಂಬಿ ಕೋಡಿ ಬಿದ್ದಿತು. ಅದು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ ಉರುಳಿದ್ದು 89 ವರ್ಷ. ಎಂದರೆ, ಮೊದಲನೆಯ ಕೋಡಿಯನ್ನು ಎಳವೆಯಲ್ಲಿ ಕಂಡವರು ಎರಡನೆಯದನ್ನು ಕಾಣಬೇಕಾದರೆ ತೊಂಬತ್ತರ ವಯಸ್ಸನ್ನು ದಾಟಿ ಬದುಕಿರಬೇಕಾಗಿತ್ತು.

ಇಂಥ ಸೀಮೆಯಲ್ಲಿ ‘ಸರಾಸರಿ ಮಳೆ’ ಎಂಬ ಮಾತಿಗೆ ಬೆಲೆ ಎಷ್ಟು? ಹವಾಮಾನದ ಪಟ್ಟಿಯಲ್ಲಿ ಅದೊಂದು ಅಚ್ಚುಕಟ್ಟಾದ ಅಂಕಿ. ಕೂರಿಗೆ ಹೂಡಿ ನಿಂತಿರುವ ರೈತನಿಗಾದರೋ ಅದು ಅಪರೂಪಕ್ಕೊಮ್ಮೆ ಬೀಳುವ ಮಳೆ. ಒಂದು ವರ್ಷ ಅದಕ್ಕಿಂತ ಬಹಳ ಹೆಚ್ಚು, ಮರುವರ್ಷ ಬಹಳ ಕಡಿಮೆ. ವಿಜ್ಞಾನಿಯ ಅಂಕಿಯೂ ಸುಳ್ಳಲ್ಲ, ರೈತನ ಅನುಭವವೂ ಸುಳ್ಳಲ್ಲ. ಹಾಗಿದ್ದರೂ ಇವರಿಬ್ಬರೂ ಒಂದೆಡೆ ಕುಳಿತು ಮಾತನಾಡದ ಹೊರತು, ಒಬ್ಬನ ಅಂಕಿಯಿಂದ ಮತ್ತೊಬ್ಬನ ಹೊಲಕ್ಕೆ ಪ್ರಯೋಜನವಾಗದು.

ಈಚಿನ ದಶಕಗಳಲ್ಲಿ ‘ಸುಸ್ಥಿರತೆ’ ಎಂಬ ಪದ ಬಹಳವಾಗಿ ಬಳಕೆಗೆ ಬಂದಿದೆ. ಇಂದಿನವರ ಬಾಳೂ ನಡೆಯಬೇಕು, ನಾಳಿನವರ ಪಾಲಿನ ನೀರು, ಮಣ್ಣು, ಸೌದೆಗಳೂ ಉಳಿಯಬೇಕು ಎಂಬುದೇ ಇದರ ಸರಳವಾದ ಅರ್ಥ. ಇದನ್ನು ಸಾಧಿಸುವ ಬಗೆಯನ್ನು ವಿಶ್ವವಿದ್ಯಾನಿಲಯಗಳ ಪಂಡಿತರು ತಾವಾಗಿಯೇ ಕಂಡುಹಿಡಿಯಲಾರರು; ರೈತರು, ಕುರಿಗಾಹಿಗಳು, ಮನೆಯ ಗೃಹಿಣಿಯರು, ಪಂಚಾಯಿತಿಯವರು ಇವರೊಡನೆ ಕೂಡಿಯೇ ಸಂಶೋಧನೆ ನಡೆಸಬೇಕು ಎಂಬ ಅಭಿಪ್ರಾಯ ಈಗ ಲೋಕದಲ್ಲೆಲ್ಲ ನೆಲೆಗೊಳ್ಳುತ್ತಿದೆ. ಆದರೆ ಕೂಡಿ ಕೆಲಸಮಾಡುವುದೆಂದರೇನು? ಒಂದೂರಿನಲ್ಲಿ ಚೆನ್ನಾಗಿ ಫಲಿಸಿದ ಕ್ರಮ ಪಕ್ಕದೂರಿನಲ್ಲಿ ಏತಕ್ಕೆ ಸೊರಗುತ್ತದೆ? ಈ ಪ್ರಶ್ನೆಯನ್ನು, ನಮ್ಮ ಚಿತ್ರದುರ್ಗಕ್ಕೆ ಬಹು ದೂರವಲ್ಲದ ಎರಡು ಮೂರು ಉದಾಹರಣೆಗಳ ಮೂಲಕ ಈ ಲೇಖನದಲ್ಲಿ ವಿಚಾರ ಮಾಡೋಣ.

ಎಲ್ಲೆಯೇ ಉತ್ತರವನ್ನು ಕೊಡುವುದು

ಭೌತಶಾಸ್ತ್ರವನ್ನು ಪಾಠ ಹೇಳುವ ನಾವು ಇಲ್ಲಿ ಒಂದು ಹೋಲಿಕೆಯನ್ನು ಕೊಡಬಯಸುತ್ತೇವೆ. ಕೊಳಲೆಂಬುದು ಗಾಳಿಯ ಒಂದು ಕಂಬ. ಅದರೊಳಗೆ ಅಲೆಗಳು ಸಾಗುವ ನಿಯಮ ಎಲ್ಲ ಕೊಳವೆಗಳಿಗೂ ಒಂದೇ. ಎರಡು ತುದಿಯೂ ತೆರೆದಿರುವ ಕೊಳವೆಯನ್ನು ಊದಿದರೆ ಅದರ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಸ್ವರಗಳು ಹೊರಡುತ್ತವೆ. ಅಷ್ಟೇ ಉದ್ದದ ಕೊಳವೆಯ ಒಂದು ತುದಿಯನ್ನು ಅಂಗೈಯಿಂದ ಮುಚ್ಚಿ ಊದಿ ನೋಡಿ: ಮೂಲಸ್ವರವೇ ಅರ್ಧಕ್ಕೆ ಇಳಿಯುತ್ತದೆ, ಜೊತೆಗೆ ಬರುವ ಸ್ವರಗಳಲ್ಲಿ ಮೂರರಷ್ಟು, ಐದರಷ್ಟು, ಏಳರಷ್ಟು ಎಂಬ ಬೆಸಸಂಖ್ಯೆಯವು ಮಾತ್ರ ಉಳಿಯುತ್ತವೆ. ಗಾಳಿ ಬದಲಾಗಲಿಲ್ಲ, ನಿಯಮ ಬದಲಾಗಲಿಲ್ಲ; ತುದಿ ಮಾತ್ರ ಬದಲಾಯಿತು. ಶಾಸ್ತ್ರದಲ್ಲಿ ಇದನ್ನು ಸೀಮಾ ನಿಬಂಧನೆ ಎನ್ನುವರು. ಸಮೀಕರಣ ಎಷ್ಟೇ ಸರಿಯಾಗಿರಲಿ, ಎಲ್ಲೆಯಲ್ಲಿ ಏನಿದೆ ಎಂಬುದು ತಿಳಿಯದೆ ಅದರಿಂದ ಉತ್ತರ ಹೊರಡದು.

ಹಳ್ಳಿಗೂ ಇಂಥ ಎಲ್ಲೆಗಳಿವೆ. ಮಳೆ ಯಾವಾಗ ಬೀಳುತ್ತದೆ, ಮಣ್ಣು ನೀರನ್ನು ಎಷ್ಟು ದಿನ ಹಿಡಿಯುತ್ತದೆ, ನೆಲ ಯಾರದು, ಸಾಲ ಯಾರ ಕೈಯಲ್ಲಿದೆ, ನೀರು ಹೊರುವವರು ಯಾರು, ಸೌದೆ ತರುವವರು ಯಾರು, ಹಿಂದೆ ಹಳ್ಳಿಗೆ ಬಂದ ಅಧಿಕಾರಿಗಳೂ ಪಂಡಿತರೂ ಕೊಟ್ಟ ಮಾತನ್ನು ನಡೆಸಿದರೇ ಇಲ್ಲವೇ, ಇವೆಲ್ಲವೂ ಎಲ್ಲೆಗಳೇ. ಪ್ರಯೋಗಶಾಲೆಯಲ್ಲಿ ನಾವು ಇಂಥ ಸಂಗತಿಗಳನ್ನು ‘ಅಡಚಣೆ’ ಎಂದು ಬಗೆದು ಹೊರಗಿಡಲು ಯತ್ನಿಸುತ್ತೇವೆ. ಹಳ್ಳಿಯಲ್ಲಿ ನಡೆಸುವ ಸಂಶೋಧನೆಯಲ್ಲಿ ಇವುಗಳನ್ನು ಹೊರಗಿಟ್ಟರೆ ಉಳಿಯುವುದು ಉತ್ತರವಿಲ್ಲದ ಸಮೀಕರಣ ಮಾತ್ರ.

ಪುರದ ಗೋಬರ್ ಅನಿಲ

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಹೆಸರಿನ ಒಂದು ಕೇಂದ್ರ ಹುಟ್ಟಿತು. ಗ್ರಾಮಗಳಿಗೆ ವಿಜ್ಞಾನ ತಂತ್ರಜ್ಞಾನಗಳ ಅನ್ವಯ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಪದ ಇದು. ಇದರ ಮುಂದಾಳಾಗಿದ್ದ ಅಮೂಲ್ಯ ಕುಮಾರ ನಾರಾಯಣ ರೆಡ್ಡಿಯವರು ವಿದ್ಯುದ್ರಸಾಯನಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸರು. ಪ್ರಯೋಗಶಾಲೆಯ ಗೋಡೆಗಳ ನಡುವೆ ಕುಳಿತು ಹಳ್ಳಿಗೆ ಬೇಕಾದ ಯಂತ್ರಗಳನ್ನು ಊಹಿಸುವುದು ಸಾಧುವಲ್ಲವೆಂದು ಬಗೆದು, ಅವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಕೇಂದ್ರದ ಒಂದು ಶಾಖೆಯನ್ನೇ ತೆರೆದರು.

ಮೊದಲು ಮಾಡಿದ ಕೆಲಸ ಲೆಕ್ಕ. ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆಂಬುದನ್ನು ಮನೆಮನೆಗೂ ಹೋಗಿ ಅಳೆದರು. ಇದರಿಂದ ತಿಳಿದುಬಂದ ವಿಷಯಗಳು ವಿದ್ಯುತ್ತು, ಕಲ್ಲಿದ್ದಲು, ಎಣ್ಣೆಗಳನ್ನೇ ಶಕ್ತಿಯೆಂದು ಎಣಿಸುತ್ತಿದ್ದವರನ್ನು ಬೆರಗುಗೊಳಿಸುವಂತಿದ್ದುವು. ಹಳ್ಳಿಯ ಶಕ್ತಿಯಲ್ಲಿ ಅತಿ ದೊಡ್ಡ ಪಾಲು ಸೌದೆಯದು; ಆ ಸೌದೆಯ ಬಹುಪಾಲು ಅಡಿಗೆಯ ಒಲೆಗೆ. ಮನುಷ್ಯರ ದುಡಿಮೆಯ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹೆಂಗಸರದು.

ಈ ಲೆಕ್ಕವನ್ನು ಮುಂದಿಟ್ಟುಕೊಂಡರೆ ಪರಿಹಾರ ಸ್ಪಷ್ಟವಾಗಿಯೇ ಕಾಣುತ್ತದೆ. ಹಳ್ಳಿಯಲ್ಲಿ ದನಗಳಿವೆ, ಸಗಣಿಯನ್ನು ನೀರಿನಲ್ಲಿ ಕದಡಿ, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಮಿಥೇನ್ ಪ್ರಧಾನವಾದ ಅನಿಲ ಹುಟ್ಟುತ್ತದೆ, ಉಳಿದ ರೊಚ್ಚು ಗೊಬ್ಬರವಾಗುತ್ತದೆ. ಈ ಅನಿಲವನ್ನು ಮನೆಮನೆಯ ಒಲೆಗೆ ಕೊಟ್ಟರೆ ಸೌದೆಯೂ ಉಳಿಯುವುದು, ಹೊಗೆಯೂ ತಪ್ಪುವುದು. ಉಂಗ್ರದ ನೆರೆಯ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿದ್ದು ಈ ಉದ್ದೇಶದಿಂದ.

ಆದರೆ ಆ ಯೋಜನೆ ನಿಲ್ಲಲಿಲ್ಲ. ದೊರೆಯುವ ಅನಿಲ ಎಲ್ಲ ಮನೆಗಳ ಅಡಿಗೆಗೆ ಸಾಲುವಂತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳ್ಳಿಯವರು ಸೌದೆಗೆ ಹಣ ತೆರುತ್ತಿರಲಿಲ್ಲ. ಹೊಲದ ಬದುವಿನಿಂದಲೂ ಗುಡ್ಡದಿಂದಲೂ ಆರಿಸಿ ತರುತ್ತಿದ್ದರು. ಹಣ ತೆರದ ವಸ್ತುವಿನ ಉಳಿತಾಯಕ್ಕಾಗಿ ದಿನದಿನವೂ ಸಗಣಿ ಹೊತ್ತು ತಂದು ಹಾಕಬೇಕೆಂಬ ಉತ್ಸಾಹ ಯಾರಲ್ಲಿ ಹುಟ್ಟೀತು? ಕಡೆಗೆ ವಿಜ್ಞಾನಿಗಳು ಹಳ್ಳಿಯವರನ್ನು ಕೂಡಿಸಿ ‘ನಿಮಗೆ ಏನು ಬೇಕು?’ ಎಂಬ ಪ್ರಶ್ನೆಯನ್ನು ಕೇಳಿದರು. ಬಂದ ಉತ್ತರ ಕುಡಿಯುವ ನೀರು.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಉತ್ತರ ಬದಲಾದರೂ ಯಂತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಅದೇ ಸಗಣಿ, ಅದೇ ತೊಟ್ಟಿ, ಅದೇ ಅನಿಲ. ಒಲೆಗೆ ಹೋಗುತ್ತಿದ್ದ ಅನಿಲವನ್ನು, ಸ್ವಲ್ಪ ಡೀಸೆಲ್ ಬೆರೆಸಿ, 5 ಕಿಲೋವಾಟ್ ವಿದ್ಯುತ್ತನ್ನು ಉತ್ಪಾದಿಸುವ ಒಂದು ಎಂಜಿನ್ನಿಗೆ ಕೊಟ್ಟರು. ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ಪಂಪು ನಡೆಯಿತು; ನೀರು ನಲ್ಲಿಗೆ ಬಂತು; ಸಂಜೆಯ ಹೊತ್ತು ಮನೆಗಳಲ್ಲಿ ದೀಪ ಹತ್ತಿತು. 1987ರಿಂದ ಈ ಹೊಸ ಏರ್ಪಾಡು ನಡೆಯತೊಡಗಿತು. ಸಗಣಿ ತಂದು ಹಾಕಿದವರಿಗೆ ಕಿಲೋ ಒಂದಕ್ಕೆ 2 ಪೈಸೆಯಂತೆ ಕೂಲಿ ಕೊಟ್ಟರು. ರೊಚ್ಚನ್ನು ಅವರವರು ತಂದ ಸಗಣಿಯ ಪ್ರಮಾಣಕ್ಕೆ ತಕ್ಕಂತೆ ಹಿಂದಕ್ಕೆ ಕೊಟ್ಟರು. ಸಗಣಿ ಹೊರುವವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳಾದ್ದರಿಂದ ಆ ಪೈಸೆಗಳು ಅವರ ಕೈಗೇ ಬಂದುವು. ನಲ್ಲಿಯ ನೀರಿನಿಂದ ದಿನದ ದುಡಿಮೆ ಹಗುರವಾದದ್ದೂ ಅವರಿಗೇ.

ಸ್ಥಾವರದ ಗಾತ್ರ, ತೊಟ್ಟಿಯ ಉಷ್ಣತೆ, ಎಂಜಿನ್ನಿನ ಕ್ಷಮತೆ ಇವುಗಳನ್ನು ವಿಜ್ಞಾನಿಗಳು ಬಲ್ಲರು. ಸೌದೆಗೆ ಕಾಸಿಲ್ಲ, ನೀರಿಗೆ ಕಾಲ್ನಡಿಗೆ ಇದೆ ಎಂಬುದನ್ನು ಹಳ್ಳಿಯವರು ಬಲ್ಲರು. ಮೊದಲನೆಯ ಜ್ಞಾನದಿಂದ ಅನಿಲ ಹುಟ್ಟಿತು; ಎರಡನೆಯದು ಕೂಡಿಕೊಂಡ ಮೇಲೆ ಅದಕ್ಕೆ ಕೆಲಸ ದೊರೆಯಿತು.

ಮೂರು ಪಾತ್ರೆಯ ಒಲೆ

ಒಲೆಯ ಪ್ರಶ್ನೆ ಇಷ್ಟಕ್ಕೇ ಮುಗಿಯಲಿಲ್ಲ. ಅನಿಲ ಒಲೆಗೆ ಬಾರದಿದ್ದ ಮೇಲೆ ಸೌದೆಯ ಒಲೆಯನ್ನೇ ಸುಧಾರಿಸಬೇಕಾಯಿತು. ಮೂರು ಕಲ್ಲಿನ ಅಥವಾ ಹಳೆಯ ಮಣ್ಣಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೆಯ ಒಂದು ಪಾಲಷ್ಟೇ ಪಾತ್ರೆಗೆ ಸೇರುತ್ತದೆ. ಮಿಕ್ಕದ್ದು ಗೋಡೆಗೂ ಗಾಳಿಗೂ ಹೋಗುತ್ತದೆ. 1980ರ ದಶಕದ ಮೊದಲಲ್ಲಿ ಅಸ್ತ್ರದವರು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಉರಿ ಮುಚ್ಚಿದ ಗೂಡಿನಲ್ಲಿರುತ್ತದೆ, ಕೆಳಗೆ ಸರಳಿನ ಜಾಲರಿ, ಹಿಂದೆ ಹೊಗೆಕೊಳವೆ. ಬಿಸಿಗಾಳಿ ಒಂದರ ಬಳಿಕ ಒಂದರಂತೆ ಮೂರು ಪಾತ್ರೆಗಳ ತಳವನ್ನು ನೆಕ್ಕಿಕೊಂಡು ಹೊರಗೆ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಇದರ ಕ್ಷಮತೆ ಹಳೆಯ ಒಲೆಯ ಹಲವು ಮಡಿ ಇತ್ತು.

ಆದರೆ ಅಡಿಗೆಮನೆ ಪ್ರಯೋಗಶಾಲೆಯಲ್ಲ. ನಮ್ಮ ಕಡೆಯ ಅಡಿಗೆಯೆಂದರೆ ಮೊದಲು ರಾಗಿಮುದ್ದೆ. ಎಸರು ಕುದಿದು ಹಿಟ್ಟು ಬಿದ್ದ ಮೇಲೆ ಕೋಲಿನಿಂದ ಬಲವಾಗಿ ತೊಳಸಬೇಕು. ಆಗ ಪಾತ್ರೆ ಜಗ್ಗದಂತೆ ಒಲೆ ಹಿಡಿದುಕೊಂಡಿರಬೇಕು. ಒಂದು ಮನೆಯ ಪಾತ್ರೆಯ ಸುತ್ತಳತೆ ಮತ್ತೊಂದು ಮನೆಯದಲ್ಲ. ಒಲೆಯ ಬಾಯಿಗೂ ಪಾತ್ರೆಗೂ ನಡುವೆ ಬೆರಳಷ್ಟು ಸಂದು ಉಳಿದರೂ ಶಾಖ ಹೊರಕ್ಕೆ ಸೋರಿ ಲೆಕ್ಕವೆಲ್ಲ ಕೆಡುತ್ತದೆ. ಸೌದೆಯನ್ನು ಸಣ್ಣಗೆ ಸೀಳಬೇಕು ಎಂದರೆ ಸೀಳುವವರ ಕೆಲಸ ಹೆಚ್ಚುತ್ತದೆ. ಹೀಗೆ ಉಷ್ಣಶಾಸ್ತ್ರದ ಒಂದು ಪ್ರಶ್ನೆ ಮುದ್ದೆಯ ಪ್ರಶ್ನೆಯೂ ಪಾತ್ರೆಯ ಪ್ರಶ್ನೆಯೂ ದುಡಿಮೆಯ ಪ್ರಶ್ನೆಯೂ ಆಗುತ್ತದೆ. ಒಲೆಯನ್ನು ಪ್ರತಿದಿನ ಉರಿಸುವವರು ಸಂಶೋಧನೆಯಲ್ಲಿ ಭಾಗಿಗಳಾಗದಿದ್ದರೆ ಇವುಗಳಲ್ಲಿ ಒಂದೂ ಅಳತೆಯ ಪಟ್ಟಿಗೆ ಬಾರದು. ಅನ್ನವನ್ನೇ ಉಣ್ಣುವ ಕರಾವಳಿಗೆ ಇದೇ ಒಲೆಯನ್ನು ಒಯ್ದರೆ, ಮತ್ತೆ ಬೇರೆ ಬೇರೆ ಪ್ರಶ್ನೆಗಳು ಏಳುವುವು.

ಕಡಲೆಕಾಯಿಯೂ ಮಳೆನಕ್ಷತ್ರವೂ

ಇನ್ನು ನಮ್ಮ ಜಿಲ್ಲೆಗೆ ಹೊಂದಿಕೊಂಡ ಪಾವಗಡ ತಾಲ್ಲೂಕಿಗೆ ಬರೋಣ. ಪಾವಗಡ, ಚಳ್ಳಕೆರೆ, ಆಚೆಯ ಆಂಧ್ರಪ್ರದೇಶದ ಅನಂತಪುರ ಇವು ಮೂರೂ ಒಂದೇ ಬಗೆಯ ಬರಡು ಸೀಮೆ. ಮುಂಗಾರು ಪಶ್ಚಿಮ ಘಟ್ಟಗಳಲ್ಲಿ ಸುರಿದು ಹಗುರವಾದ ಮೇಲೆ ಇಲ್ಲಿಗೆ ಬರುತ್ತದೆ. ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಕೆಂಪು ಮರಳುಮಣ್ಣು ನೀರನ್ನು ಬಹುದಿನ ಹಿಡಿದುಕೊಳ್ಳಲಾರದು.

ಹಿಂದೆ ಇಲ್ಲಿಯ ಖುಷ್ಕಿ ಹೊಲಗಳಲ್ಲಿ ನವಣೆ, ಸಜ್ಜೆ, ಹಾರಕ, ಹುರುಳಿ, ತೊಗರಿ, ಅವರೆ, ಹರಳು ಇವುಗಳನ್ನು ಬೆರಸಿ, ಅಕ್ಕಡಿ ಸಾಲು ಹಾಕಿ ಬಿತ್ತುತ್ತಿದ್ದರು. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ ಹೋಗುವುದು, ಮತ್ತೊಂದು ಉಳಿಯುವುದು. ಎಣ್ಣೆಕಾಳಿಗೆ ಬೆಲೆ ಬಂದಂತೆ ಕಡಲೆಕಾಯಿ, ಎಂದರೆ ಶೇಂಗಾ, ಈ ಬೆಳೆಗಳನ್ನೆಲ್ಲ ಹಿಂದಕ್ಕೆ ತಳ್ಳಿ ಹೊಲಗಳನ್ನು ಆಕ್ರಮಿಸಿತು. ಚಳ್ಳಕೆರೆಗೆ ಎಣ್ಣೆಯ ನಗರವೆಂಬ ಹೆಸರು ಬಂದದ್ದು ಇದರಿಂದಲೇ. ಲಾಭವಿತ್ತು, ಆದರೆ ಹೊಸ ಅಪಾಯವೂ ಇತ್ತು. ಕಡಲೆಕಾಯಿಯ ಹೂವು ಬಾಡಿದ ಮೇಲೆ ಅದರ ಬುಡದಿಂದ ಮೊಳೆಯಂಥ ಕಡ್ಡಿಯೊಂದು ಹೊರಟು ಮಣ್ಣಿನೊಳಕ್ಕೆ ಇಳಿದು ಅಲ್ಲಿ ಕಾಯಾಗುತ್ತದೆ. ಆ ದಿನಗಳಲ್ಲಿಯೂ, ಕಾಯಿ ತುಂಬುವ ದಿನಗಳಲ್ಲಿಯೂ ನೆಲ ಒಣಗಿದ್ದರೆ ಬಳ್ಳಿ ಹಸಿರಾಗಿದ್ದರೂ ಕಾಯಿ ಜೊಳ್ಳು.

ಭಾರತೀಯ ವಿಜ್ಞಾನ ಮಂದಿರದ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರೂ, ಪಾವಗಡದ ಕೃಷಿಕ ಸಂಶೋಧಕ ಪಿ. ಆರ್. ಶೇಷಗಿರಿ ರಾವ್ ಅವರೂ, ಅವರ ಸಂಗಡಿಗರೂ ಈ ಬೆಳೆಯನ್ನು ಕುರಿತು 1990ರ ದಶಕದಲ್ಲಿ ಕೂಡಿ ಸಂಶೋಧನೆ ನಡೆಸಿದರು. ಸಾಂಪ್ರದಾಯಿಕ ಬೆಳೆಗಳ ವಿಷಯದಲ್ಲಿ ರೈತನಿಗೆ ತಲೆತಲಾಂತರದ ಅನುಭವವಿದೆ. ಹೊಸದಾಗಿ ಬಂದ ಬೆಳೆ, ಹೊಸ ತಳಿ, ಹೊಸ ಮಾರುಕಟ್ಟೆ ಇವುಗಳ ವಿಷಯದಲ್ಲಿ ಅಂಥ ಅನುಭವ ಕೂಡಲು ಕಾಲಾವಕಾಶವೇ ಇರಲಿಲ್ಲ. ಆದ್ದರಿಂದ ಮಳೆಯ ದಾಖಲೆಗಳನ್ನು ಬಲ್ಲ ವಿಜ್ಞಾನಿ, ಹೊಲವನ್ನು ಬಲ್ಲ ರೈತ ಇಬ್ಬರೂ ಸೇರಿದಾಗಲೇ ಈ ಅಂತರ ತುಂಬೀತು ಎಂಬುದು ಅವರ ವಾದದ ತಿರುಳು.

ಸಾಮಾನ್ಯವಾಗಿ ಹವಾಮಾನ ಶಾಸ್ತ್ರದ ಮುನ್ಸೂಚನೆ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಒಟ್ಟು ಮಳೆಯನ್ನು ಹೇಳುತ್ತದೆ. ರೈತ ಕೇಳುವ ಪ್ರಶ್ನೆಗಳೇ ಬೇರೆ: ಈ ಹದದಲ್ಲಿ ಬಿತ್ತಲೇ, ಕಾಯಲೇ? ಮುಂದೆ ಒಣಹವೆ ಬಂದರೆ ಎಲೆಯನ್ನು ಕೊರೆದು ಮಡಿಸುವ ಹುಳು ಏಳುವುದೇ? ಮೋಡ ಕವಿದು ತೇವ ನಿಂತರೆ ಎಲೆಚುಕ್ಕೆ ರೋಗ, ತುಕ್ಕು ರೋಗ ಬರುವುದೇ? ಮದ್ದು ಹೊಡೆಯುವುದು ಲಾಭವೇ? ರೈತರು ಈ ಪ್ರಶ್ನೆಗಳನ್ನು ಮುಂದಿಟ್ಟ ಮೇಲೆ ಅಧ್ಯಯನದ ದಾರಿಯೇ ತಿರುಗಿತು. ಒಟ್ಟು ಮಳೆಯ ಬದಲು ಒಣದಿನಗಳ ಸರಣಿ, ತೇವದ ದಿನಗಳ ಸರಣಿ ಇವನ್ನು ಹಳೆಯ ದೈನಿಕ ದಾಖಲೆಗಳಲ್ಲಿ ಹುಡುಕಿದರು. ಬೆಳೆಯ ಬೆಳವಣಿಗೆಯನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗೆ ಆ ದಾಖಲೆಗಳನ್ನು ಕೊಟ್ಟು, ಬೇರೆ ಬೇರೆ ದಿನ ಬಿತ್ತಿದ್ದರೆ ಇಳುವರಿ ಹೇಗಿರುತ್ತಿತ್ತೆಂದು ನೋಡಿದರು. ಇಲ್ಲಿಯ ಬಿತ್ತನೆಯ ಕಾಲ ಸುಮಾರಾಗಿ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ. ಅದರಲ್ಲಿ ಜುಲೈ ನಡುವಿನ ಅನಂತರ ಬಿತ್ತಿದರೆ ಒಳ್ಳೆಯ ಫಸಲಿನ ಸಂಭವ ಹೆಚ್ಚು ಎಂದು ಕಂಡುಬಂತು.

ಈ ತಾರೀಕುಗಳನ್ನು ರೈತನ ಲೆಕ್ಕಕ್ಕೆ ತಿರುಗಿಸಿದರೆ ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ಎಂದಾಗುತ್ತದೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನಾದ್ದರಿಂದ ಒಂದೊಂದು ‘ಮಳೆ’ಗೆ ಸುಮಾರು ಹದಿಮೂರೂವರೆ ದಿನ ಬರುತ್ತದೆ. ನಕ್ಷತ್ರವೇ ಮಳೆ ತರುತ್ತದೆಂದು ವಿಜ್ಞಾನ ಒಪ್ಪದು. ಆದರೆ ಹೊಲದ ತೀರ್ಮಾನಗಳಿಗೆ ನಾಲ್ಕು ತಿಂಗಳ ಮೊತ್ತಕ್ಕಿಂತ ಎರಡು ವಾರದ ಅಳತೆಗೋಲು ಎಷ್ಟೋ ಯೋಗ್ಯವೆಂಬುದನ್ನು ಅದು ತಳ್ಳಿಹಾಕಲಾರದು.

ಎಷ್ಟು ನಿಖರವಾದರೆ ಸಾಕು?

1995ರಲ್ಲಿ ಈ ತಂಡದವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಲೇಖನದ ಶೀರ್ಷಿಕೆಯೇ, ಕಡಲೆಕಾಯಿ ಬೆಳೆಗಾರನಿಗೆ ಕೊಡುವ ಮಳೆಯ ಮುನ್ಸೂಚನೆ ಎಷ್ಟು ಚೆನ್ನಾಗಿದ್ದರೆ ಸಾಕು, ಎಂಬ ಪ್ರಶ್ನೆಯನ್ನು ಎತ್ತುತ್ತದೆ. ಇದರ ಗಣಿತವನ್ನು ನಾವೇ ಕಲ್ಪಿಸಿಕೊಂಡ ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಗೆ ಮದ್ದು ಹೊಡೆಯಲು 500 ರೂಪಾಯಿ ವೆಚ್ಚವೆಂದೂ, ಹೊಡೆಯದಿದ್ದಾಗ ಹುಳು ಬಿದ್ದರೆ 2,000 ರೂಪಾಯಿ ನಷ್ಟವೆಂದೂ ಇಟ್ಟುಕೊಳ್ಳೋಣ. ಹುಳು ಬೀಳುವುದೆಂದು ನಾಲ್ಕು ಸಲ ಮುನ್ಸೂಚನೆ ಬಂದು, ನಾಲ್ಕು ಸಲವೂ ಮದ್ದು ಹೊಡೆದರೆ ಖರ್ಚು 2,000. ನಾಲ್ಕರಲ್ಲಿ ಒಂದು ಸಲ ಮುನ್ಸೂಚನೆ ನಿಜವಾದರೂ ಅಷ್ಟೇ ಹಣ ಉಳಿದು ಸರಿಹೋಗುತ್ತದೆ. ಎರಡು ಸಲ ನಿಜವಾದರೆ ಲಾಭ. ವಿಜ್ಞಾನಿಗೆ ಅರ್ಧ ಸಲ ತಪ್ಪುವ ಮುನ್ಸೂಚನೆ ನಾಚಿಕೆಯ ವಿಷಯ. ಈ ರೈತನಿಗೆ ಅದು ಬೆಲೆಬಾಳುವ ವಸ್ತು.

ಆದರೆ ಎಲ್ಲೆಯನ್ನು ಮತ್ತೆ ನೆನೆಯಬೇಕು. ಮೇಲಿನ ಲೆಕ್ಕ ನಾಲ್ಕು ವರ್ಷವೂ 500 ರೂಪಾಯಿ ಕೈಯಲ್ಲಿರುವವನದು. ಬಿತ್ತನೆಬೀಜಕ್ಕೇ ಸಾಲ ಮಾಡಿದವನಿಗೆ ಮೊದಲ ಎರಡು ವರ್ಷ ಮುನ್ಸೂಚನೆ ಹುಸಿಯಾದರೆ ಮೂರನೆಯ ವರ್ಷದ ಮದ್ದಿಗೆ ಕಾಸೇ ಇರದು. ‘ಜುಲೈ ನಡುವಿನವರೆಗೆ ಕಾಯಿರಿ’ ಎಂಬ ಮಾತಿಗೂ ಇದೇ ತೊಡಕು. ಆರಿದ್ರಾ ಮಳೆಗೆ ಒಳ್ಳೆಯ ಹದ ಬಂದಿದೆ. ಮಣ್ಣು ಎರಡು ಮೂರು ದಿನದಲ್ಲಿ ಆರಿಹೋಗುತ್ತದೆ. ಮುಂದಿನ ಹದ ಬಾರದೆಯೇ ಇದ್ದರೆ? ಎತ್ತು ಬಾಡಿಗೆಗೆ ತರುವವನಿಗೆ ಆ ದಿನ ಎತ್ತು ಸಿಕ್ಕದಿದ್ದರೆ? ಕಾಯುವುದು ಹಲವು ವರ್ಷಗಳ ಸರಾಸರಿಯಲ್ಲಿ ಸರಿ. ಒಂದು ವರ್ಷದಲ್ಲಿ ಅದು ಒಂದು ಸಂಸಾರದ ಊಟವನ್ನು ಪಣಕ್ಕೊಡ್ಡುವ ಜೂಜು. ಇದನ್ನು ಬಲ್ಲವರು ತಂಡದಲ್ಲಿದ್ದರೆ ವಿಜ್ಞಾನದ ಸಲಹೆ ಆಜ್ಞೆಯ ರೂಪದಲ್ಲಿ ಬರುವುದಿಲ್ಲ. ಇಷ್ಟು ಕಾದರೆ ಇಷ್ಟು ಲಾಭದ ಸಂಭವ, ಇಷ್ಟು ನಷ್ಟದ ಸಂಭವ ಎಂದು ಎರಡನ್ನೂ ತಿಳಿಸಿ, ತೀರ್ಮಾನವನ್ನು ಹೊಲದೊಡೆಯನಿಗೆ ಬಿಡುತ್ತದೆ.

ನೆನಪೂ ಒಂದು ಎಲ್ಲೆ

ಮಳೆ, ಮಣ್ಣು, ಹಣ ಇವುಗಳನ್ನು ಹೇಗಾದರೂ ಅಳೆಯಬಹುದು. ಅಳೆಯಲು ಬಾರದ ಒಂದು ಎಲ್ಲೆಯೆಂದರೆ ವಿಶ್ವಾಸ. ಇದಕ್ಕೆ ನಮ್ಮ ಜಿಲ್ಲೆಯೇ ಉದಾಹರಣೆ. ಚಳ್ಳಕೆರೆ ತಾಲ್ಲೂಕಿನ ವಿಶಾಲವಾದ ಹುಲ್ಲುಗಾವಲುಗಳು ಮೈಸೂರು ಅರಸರ ಕಾಲದ ಅಮೃತಮಹಲ್ ತಳಿಯ ದನಗಳಿಗೆಂದು ಕಾಯ್ದಿರಿಸಿದ ಕಾವಲುಗಳು. ಸುತ್ತಲಿನ ಹಳ್ಳಿಗಳ ದನಕುರಿಗಳು ಮೇಯುವುದೂ, ದೇವರ ಎತ್ತುಗಳು ತಿರುಗುವುದೂ, ಕಂಬಳಿ ನೇಯುವವರಿಗೆ ಉಣ್ಣೆ ಒದಗುವುದೂ ಈ ಕಾವಲುಗಳ ಆಸರೆಯಿಂದ. 2009ರ ಆಸುಪಾಸಿನ ವರ್ಷಗಳಲ್ಲಿ ಈ ಕಾವಲುಗಳ ದೊಡ್ಡ ಭಾಗವನ್ನು ರಕ್ಷಣೆ, ಬಾಹ್ಯಾಕಾಶ, ಪರಮಾಣು ಸಂಶೋಧನೆಯ ಸಂಸ್ಥೆಗಳಿಗೆ ಕೊಡಲಾಯಿತು. ಕುದಾಪುರದ ಬಳಿ ಸುಮಾರು 1,500 ಎಕರೆ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂತು. ಮೇವಿನ ನೆಲ ಕೈಬಿಟ್ಟುಹೋಗುವುದೆಂದು ಹಳ್ಳಿಯವರು ಆಕ್ಷೇಪಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಕುದಾಪುರದ ಆವರಣದಲ್ಲಿ ವಿಜ್ಞಾನದ ಉಪಾಧ್ಯಾಯರಿಗೆ ತರಬೇತಿಯ ಒಳ್ಳೆಯ ಕೆಲಸ ನಡೆದುಬಂದಿದೆ. ದೇಶಕ್ಕೆ ಸಂಶೋಧನಾಲಯಗಳು ಬೇಕೆಂಬುದರಲ್ಲಿಯೂ ಎರಡು ಮಾತಿಲ್ಲ. ಆದರೆ ನಾಳೆ ಯಾವನೇ ಸಂಶೋಧಕ ಆ ಸುತ್ತಿನ ಹಳ್ಳಿಗೆ ಹೋಗಿ ‘ಹುಲ್ಲುಗಾವಲಿನ ಸುಸ್ಥಿರತೆಯನ್ನು ಕುರಿತು ನಾವು ನೀವು ಕೂಡಿ ಅಧ್ಯಯನ ಮಾಡೋಣ’ ಎಂದರೆ, ಕುರಿಗಾಹಿಯ ಮನಸ್ಸಿನಲ್ಲಿ ಮೊದಲು ಏಳುವುದು ಬೇಲಿಯ ನೆನಪು. ಕುಣಿಗಲ್ ಸೀಮೆಯಲ್ಲಿ ವರ್ಷಗಟ್ಟಲೆ ನೆಲೆಸಿ ಗಳಿಸಿದ ವಿಶ್ವಾಸವನ್ನು, ಅದೇ ಸಂಸ್ಥೆಯ ಹೆಸರು ಹೇಳಿದ ಮಾತ್ರಕ್ಕೆ, ಇನ್ನೊಂದು ಸೀಮೆಗೆ ಹೊತ್ತುಕೊಂಡು ಹೋಗಲಾಗದು. ಮೊದಲು ಕೇಳಬೇಕಾದ ಪ್ರಶ್ನೆ ಹುಲ್ಲಿನದಲ್ಲ, ಹಕ್ಕಿನದು. ಅದಕ್ಕೆ ಕಿವಿಗೊಡದೆ ಹುಲ್ಲಿನ ಲೆಕ್ಕ ಮುಂದುವರಿಯದು.

ಹೊರಗಿನ ಲೋಕದ ಅನುಭವ

ಇದು ನಮ್ಮ ನಾಡಿನ ವಿಶೇಷವೇನೂ ಅಲ್ಲ. 2020ರಲ್ಲಿ ‘ನೇಚರ್ ಸಸ್ಟೈನಬಿಲಿಟಿ’ ಪತ್ರಿಕೆಯಲ್ಲಿ ಆಲ್ಬರ್ಟ್ ನಾರ್‌ಸ್ಟ್ರಮ್ ಮತ್ತು ಅವರ ಸಹಲೇಖಕರು ಕೂಡುಸಂಶೋಧನೆಗೆ ನಾಲ್ಕು ಸೂತ್ರಗಳನ್ನು ಹೇಳಿದರು: ಅದು ಸನ್ನಿವೇಶದಲ್ಲಿ ಬೇರೂರಿರಬೇಕು, ಹಲವು ಬಗೆಯ ಅರಿವಿಗೆ ಎಡೆ ಕೊಡಬೇಕು, ಗುರಿ ಸ್ಪಷ್ಟವಾಗಿರಬೇಕು, ಪರಸ್ಪರ ಮಾತುಕತೆ ಎಡೆಬಿಡದೆ ನಡೆಯಬೇಕು. ಸನ್ನಿವೇಶಕ್ಕೆ ಮೊದಲ ಸ್ಥಾನ ದೊರೆತಿರುವುದನ್ನು ಗಮನಿಸಿ. ಮರುವರ್ಷ ಅದೇ ಪತ್ರಿಕೆಯಲ್ಲಿ ಬೇರೊಂದು ತಂಡ, ಲೋಕದ ನಾನಾ ಕಡೆ ನಡೆದ ಇಂಥ 32 ಯತ್ನಗಳನ್ನು ಹೋಲಿಸಿ ನೋಡಿತು. ಅವುಗಳಲ್ಲಿ ಆರು ಬಗೆಯ ಮಾದರಿಗಳು ಕಂಡುವು. ಪರಿಹಾರವನ್ನು ಹುಡುಕುವುದೇ ಕೆಲವಕ್ಕೆ ಮುಖ್ಯ, ದನಿಯಿಲ್ಲದವರಿಗೆ ದನಿ ಕೊಡುವುದು ಕೆಲವಕ್ಕೆ. ಎಲ್ಲ ಕಡೆಗೂ ಸಲ್ಲುವ ಆದರ್ಶ ಮಾದರಿ ಯಾವುದೂ ಇಲ್ಲ, ಒಂದೊಂದಕ್ಕೂ ಅದರದೇ ಆದ ಫಲವೂ ಅಪಾಯವೂ ಉಂಟು ಎಂಬುದು ಅವರ ನಿರ್ಣಯ.

ಹಾಗಾದರೆ ಒಂದೂರಿನ ಅನುಭವದಿಂದ ಮತ್ತೊಂದೂರಿಗೆ ಏನೂ ಪ್ರಯೋಜನವಿಲ್ಲವೇ ಎಂದು ಕೇಳಬಹುದು. ಪ್ರಯೋಜನವಿದೆ. ತೆರೆದ ಕೊಳವೆಯನ್ನು ಬಲ್ಲವನು ಮುಚ್ಚಿದ ಕೊಳವೆಯ ಸ್ವರವನ್ನೂ ಲೆಕ್ಕಹಾಕಬಲ್ಲನು. ಆದರೆ ತುದಿ ಮುಚ್ಚಿದೆಯೆಂಬುದನ್ನು ಮೊದಲು ನೋಡಿ ತಿಳಿಯಬೇಕು. ಪುರದ ಸ್ಥಾವರವನ್ನು ನಾವು ನಕಲು ಮಾಡಬೇಕಾಗಿಲ್ಲ. ಹಳ್ಳಿಯವರಿಗೆ ಬೇಕಾದದ್ದನ್ನು ಕೇಳಿ ಅದೇ ಯಂತ್ರಕ್ಕೆ ಬೇರೆ ಕೆಲಸ ಕೊಟ್ಟ ಕ್ರಮವನ್ನು ಕಲಿಯಬಹುದು.

ನಮ್ಮ ಸುತ್ತಮುತ್ತ

ಚಿತ್ರದುರ್ಗದ ಕೋಟೆಯನ್ನು ಕಟ್ಟಿದವರು ಈ ಕ್ರಮವನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಬಂಡೆಯ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ ಮೊದಲಾದುವುಗಳಲ್ಲಿ ನಿಂತು, ಮೇಲಿನದು ತುಂಬಿದಂತೆ ಕೆಳಗಿನದಕ್ಕೆ ಇಳಿಯುವ ಏರ್ಪಾಡು ಆ ಬೆಟ್ಟಕ್ಕೆ, ಆ ಬಂಡೆಯ ಇಳಿಜಾರಿಗೆ ಹೇಳಿಮಾಡಿಸಿದ್ದು. ಬಯಲಿನ ಊರಿಗೆ ಅದನ್ನು ಹಾಗೆಯೇ ಕೊಂಡೊಯ್ಯಲಾಗದು.

ಇಂದು ನಮ್ಮ ಜಿಲ್ಲೆಯಲ್ಲಿ ‘ನೀರಿನ ಮಿತವಾದ ಬಳಕೆ’ ಎಂಬ ಒಂದೇ ವಿಷಯವನ್ನು ಎತ್ತಿಕೊಂಡರೂ ತಾಲ್ಲೂಕಿಗೊಂದು ಪ್ರಶ್ನೆ ಹುಟ್ಟುತ್ತದೆ. ಹಿರಿಯೂರಿನಲ್ಲಿ ವಾಣೀವಿಲಾಸ ಸಾಗರದ ನಾಲೆಯಿರುವ ಹಳ್ಳಿಯಲ್ಲಿ ಅದು ಸರದಿಯ ಪ್ರಶ್ನೆ: ನಾಲೆಯ ತುದಿಯ ಹೊಲಕ್ಕೆ ನೀರು ಮುಟ್ಟುವುದೇ? ಹೊಳಲ್ಕೆರೆ, ಹೊಸದುರ್ಗಗಳ ತೋಟಗಳಲ್ಲಿ ಅದು ಕೊಳವೆ ಬಾವಿಯ ಪ್ರಶ್ನೆ: ತೆಂಗು ಅಡಕೆಗಳು ದಶಕಗಳ ಕಾಲ ನಿಲ್ಲತಕ್ಕ ಬೆಳೆಗಳಾದ್ದರಿಂದ, ಒಂದು ವರ್ಷ ನೀರಿಲ್ಲವೆಂದು ಬಿತ್ತದೆ ಬಿಡುವಂತಿಲ್ಲ. ಚಳ್ಳಕೆರೆಯಲ್ಲಿ ಅದು ಹದದ ಪ್ರಶ್ನೆ, ಮೇವಿನ ಪ್ರಶ್ನೆ. ಚಿತ್ರದುರ್ಗದ ಬಳಿಯ ಮದಕರಿಪುರದಂಥ ಹಳ್ಳಿಯಲ್ಲಿ, ಪಟ್ಟಣ ಹತ್ತಿರ ಬಂದಂತೆ ಹೊಲದ ಬೆಲೆ ಬೆಳೆಯಿಂದಲೇ ಎಣಿಸುವುದೋ ನಿವೇಶನದಿಂದ ಎಣಿಸುವುದೋ ಎಂಬುದೂ ಪ್ರಶ್ನೆಯೇ. ಹೊಲವನ್ನು ಮಾರಬೇಕೆಂದಿರುವವನು ಹತ್ತು ವರ್ಷಕ್ಕೆ ಫಲ ಕೊಡುವ ಬದುವನ್ನು ಹಾಕಿಸುವನೇ?

ಈ ಪ್ರಶ್ನೆಗಳಿಗೆ ಬೆಂಗಳೂರಿನಿಂದ ಬರುವ ತಜ್ಞರನ್ನು ಕಾಯುತ್ತ ಕೂಡಬೇಕಾಗಿಲ್ಲ. ಜಿಲ್ಲೆಯ ಕಾಲೇಜುಗಳಲ್ಲಿ ವಿಜ್ಞಾನ ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಹಳ್ಳಿಗಳಿಂದಲೇ ಬರುವವರು. ಊರಿನ ಶಾಲೆಯ ಅಂಗಳದಲ್ಲೊಂದು ಮಳೆಮಾಪಕ, ಊರಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಲು ಒಂದು ಹಗ್ಗ, ಬಿತ್ತಿದ ದಿನವನ್ನೂ ಇಳುವರಿಯನ್ನೂ ಬರೆದಿಡಲು ಒಂದು ಪುಸ್ತಕ ಇಷ್ಟರಿಂದ ಆರಂಭಿಸಬಹುದು. ಬರೆದ ಲೆಕ್ಕ ಕಾಲೇಜಿನ ಬೀರುವಿನಲ್ಲಿ ಕೂಡದೆ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಯಾವುದನ್ನು ಅಳೆಯಬೇಕೆಂಬುದನ್ನು ಊರಿನವರನ್ನೇ ಕೇಳಿ ಗೊತ್ತುಮಾಡಬೇಕು. ಅವರು ಹೇಳುವ ಮೊದಲ ವಿಷಯ ನಮ್ಮ ಪಠ್ಯದಲ್ಲಿಲ್ಲದಿದ್ದರೆ ಅದನ್ನು ನಾವು ಕಲಿತುಕೊಳ್ಳಬೇಕು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಪುಸ್ತಕ ಊರಿನವರಿಗೂ ವಿದ್ಯಾರ್ಥಿಗಳಿಗೂ ಒಟ್ಟಿಗೆ ಓದತಕ್ಕ ಪಾಠವಾಗುವುದು.